ಯಾಕೆ ಬರಲಿಲ್ಲ?

ಹೋದ ಜುಲೈಯಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ತೋಟದ ದಾರಿಗೆ ಎರಡು ಸಿಲ್ವರ್ ಓಕ್ ಅಡ್ಡ ಬಿದ್ದಿದ್ದವು. ಶಾಲೆಗಳಿಗೆ ಮಳೆ ರಜೆ ಕೊಟ್ಟಿದ್ದರಿಂದ ನಾನು ಕುಶಾಲನಗರದಿಂದ ಅಪ್ಪನ ಮನೆಗೆ ಬಂದು ಅಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ನಾಲ್ಕನೇ ದಿನ ಸಂಜೆ ಅಪ್ಪನಿಗೆ ಮಂಡಿನೋವು ಅಂತ ನಾನೇ ಕೊಡೆ ಹಿಡಿದುಕೊಂಡು ಡೈರಿಗೆ ಹಾಲು ಹಾಕಲು ಹೋದೆ. ಕಾರ್ಯದರ್ಶಿ ಕ್ಯಾನಿಗೆ ಕೈ ಚಾಚುವ ಮೊದಲು ನನ್ನ ಬೆನ್ನ ಹಿಂದೆ ನೋಡಿದರು.

"ಎಲ್ಲಿ ಅವನು? ನಾಲ್ಕು ದಿನ ಆಯ್ತು. ಯಾಕೆ ಬರಲಿಲ್ಲ?"

ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು. ಅಪ್ಪನನ್ನೂ ಮೂರು ದಿನದಿಂದ ಕೇಳಿದ್ದರಂತೆ. ಅಪ್ಪ ಉತ್ತರ ಕೊಡುವ ಜನ ಅಲ್ಲ.

ಅವನು ಅಂದರೆ ನನ್ನ ತಮ್ಮ. ವಯಸ್ಸು 24. ನಿಜವಾದ ಹೆಸರು ಇಲ್ಲಿ ಹಾಕುವುದಿಲ್ಲ, ಹಾಕಲಾ ಅಂತ ಅವನನ್ನು ಕೇಳಿ ಒಪ್ಪಿಗೆ ಪಡೆಯುವ ದಾರಿ ನನಗೆ ಗೊತ್ತಿಲ್ಲ. ಮನೆಯಲ್ಲಿ ಕರೆಯುವ ಹಾಗೆ ಪುಟ್ಟ ಅನ್ನುತ್ತೇನೆ. ಮೀಸೆ ಬಂದ ಗಂಡಸಿಗೆ ಪುಟ್ಟ ಅನ್ನುವುದು ಸರಿಯಾ ಅಂತ ನನಗೂ ಆಗಾಗ ಅನ್ನಿಸುತ್ತೆ. ಆದರೆ ಕೊಡಗಿನಲ್ಲಿ ಅರವತ್ತು ದಾಟಿದ ಪುಟ್ಟಂದಿರೂ ಇದ್ದಾರಲ್ವಾ.

ಪುಟ್ಟನ ಬಗ್ಗೆ ಈ 24 ವರ್ಷದಲ್ಲಿ ಜನ ನಮ್ಮನ್ನು ಎಷ್ಟೋ ಕೇಳಿದ್ದಾರೆ. ಮಾತು ಬರುತ್ತಾ? ಮುಂದೆ ಸರಿ ಹೋಗುತ್ತಾ? ಮೈಸೂರಿಗೆ ತೋರಿಸಿದ್ರಾ? ಹರಕೆ ಹೊತ್ತಿದ್ರಾ? ಇವೆಲ್ಲ ಅವನು ಕಣ್ಣೆದುರು ಇದ್ದಾಗ ಬರುವ ಪ್ರಶ್ನೆಗಳು. ಅವನು ಇಲ್ಲದಿದ್ದಾಗ ಯಾರೂ ಏನೂ ಕೇಳುತ್ತಿರಲಿಲ್ಲ. ಮದುವೆಗೆ ನಾವು ಮೂವರೇ ಹೋದರೂ ಮನೆ ಮಂದಿಯೆಲ್ಲ ಬಂದ ಹಾಗೆಯೇ ಲೆಕ್ಕ. ಹಾಗಾಗಿ ಆ ಕಾರ್ಯದರ್ಶಿಯ ಪ್ರಶ್ನೆಗೆ ಏನು ಹೇಳಬೇಕು ಅಂತಲೇ ನನಗೆ ತಕ್ಷಣ ತೋಚಲಿಲ್ಲ. "ಮಳೆ ಅಲ್ವಾ" ಅಂದೆ. "ಮಳೆ ನನಗೂ ಕಾಣ್ತದೆ" ಅಂದರು ಅವರು.

ಪುಟ್ಟನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈಕೈ ಮೇಲೆ ಹಿಡಿತವಿಲ್ಲ. ಜೊತೆಗೆ ಬುದ್ಧಿಯ ಬೆಳವಣಿಗೆ ತೀರಾ ಕಡಿಮೆ. ಫಿಟ್ಸ್ ಇದೆ. ನಡೆಯಲಾರ, ಆಸರೆ ಇಲ್ಲದೆ ಕೂರಲಾರ, ಕೈಯಲ್ಲಿ ಏನನ್ನೂ ಹಿಡಿಯಲಾರ. ಮಾತಿಲ್ಲ. ಡಯಾಪರ್ ಬೇಕು. ಅನ್ನ ಹಿಸುಕಿ, ಸಾರಿನಲ್ಲಿ ಮೆತ್ತಗೆ ಮಾಡಿ ತಿನ್ನಿಸಬೇಕು. ಅವಸರ ಮಾಡಿದರೆ ಊಟ ಹೊಟ್ಟೆಗೆ ಹೋಗುವ ಬದಲು ಶ್ವಾಸಕ್ಕೆ ಹೋಗುತ್ತದೆ. ಇಷ್ಟು ಆಸ್ಪತ್ರೆಯ ಕಡತದಲ್ಲಿದೆ.

ಕಡತದಲ್ಲಿ ಇಲ್ಲದ್ದೂ ಇದೆ. ಶೀಟಿನ ಮೇಲೆ ಮಳೆ ಬೀಳುವ ಸದ್ದು ಅವನಿಗೆ ಇಷ್ಟ. ಪಾದ ಮುಟ್ಟಿದರೆ ಆಗುವುದಿಲ್ಲ. ಬೇಕು ಅಂದರೆ ಕಣ್ಣು ಮೇಲೆ ಮಾಡುತ್ತಾನೆ, ಬೇಡ ಅಂದರೆ ತುಟಿ ಬಿಗಿದು ಎಡಗಡೆ ಭುಜಕ್ಕೆ ಮುಖ ತಿರುಗಿಸುತ್ತಾನೆ. ಬೇಸರ ಆದರೆ ಇಡೀ ಮೈ ಸೆಟೆದುಕೊಳ್ಳುತ್ತದೆ. ಖುಷಿ ಆದರೂ ಸೆಟೆದುಕೊಳ್ಳುತ್ತದೆ, ಅದೇ ತೊಂದರೆ. ಎರಡಕ್ಕೂ ಇರುವ ವ್ಯತ್ಯಾಸ ಅಮ್ಮನಿಗೆ ಗೊತ್ತು. ನನಗೆ ಹತ್ತರಲ್ಲಿ ಏಳು ಸಲ ಗೊತ್ತಾಗುತ್ತೆ.

ಪತ್ರಿಕೆಗಳಲ್ಲಿ "ಅಂಗವೈಕಲ್ಯ ಮೆಟ್ಟಿ ನಿಂತ ಸಾಧಕ" ಅಂತ ಬರುತ್ತದಲ್ಲ, ಅದನ್ನು ಓದುವಾಗ ಸಂತೋಷವೂ ಆಗುತ್ತೆ, ಒಂಥರಾ ಒಂಟಿತನವೂ ಆಗುತ್ತೆ. ನನ್ನ ತಮ್ಮ ಏನನ್ನೂ ಮೆಟ್ಟಿ ನಿಲ್ಲುವುದಿಲ್ಲ. ಪರೀಕ್ಷೆ ಪಾಸಾಗುವುದಿಲ್ಲ, ಕೆಲಸಕ್ಕೆ ಸೇರುವುದಿಲ್ಲ, ಬೆಟ್ಟ ಹತ್ತುವುದಿಲ್ಲ. ಅಂಥವನಿಗೆ ಊರಿನಲ್ಲಿ ಜಾಗ ಇದೆಯಾ ಇಲ್ಲವಾ?

ಕಾನೂನು ಕೇಳಿದರೆ ಇದೆ ಅನ್ನುತ್ತದೆ. ವಿಕಲಚೇತನರ ಹಕ್ಕುಗಳ ಒಪ್ಪಂದವನ್ನು ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿತು, 2007ರಲ್ಲಿ ಭಾರತ ಒಪ್ಪಿಕೊಂಡಿತು. ಅದರ 19ನೇ ವಿಧಿ ಎಲ್ಲರ ಹಾಗೆ ಸಮುದಾಯದ ನಡುವೆ ಬದುಕುವ ಹಕ್ಕಿನ ಬಗ್ಗೆಯೇ ಇದೆ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದ್ದಲ್ಲದೆ, ಹೆಚ್ಚಿನ ಬೆಂಬಲ ಬೇಕಾದವರು ಅಂತ ಪುಟ್ಟನಂಥವರನ್ನು ಬೇರೆಯಾಗಿ ಗುರುತಿಸುತ್ತದೆ. ಅದೇ ಕಾಯ್ದೆಯಲ್ಲಿ ಉಚಿತ ಶಿಕ್ಷಣ ಇರುವುದು 6ರಿಂದ 18 ವರ್ಷದವರೆಗೆ. ಪುಟ್ಟನಿಗೆ ಮನೆಗೇ ಬಂದು ಕಲಿಸುವ ಒಬ್ಬರು ಟೀಚರ್ ಇದ್ದರು. ಗಂಟೆ, ರಾಗಿ ತುಂಬಿದ ಡಬ್ಬಿ, ಬಟ್ಟೆಯ ಚೆಂಡು ತರುತ್ತಿದ್ದರು. ತಂಪು, ಬಿಸಿ, ನುಣುಪು, ಒರಟು ಅಂತ ಕೈಗೆ ತಾಗಿಸುತ್ತಿದ್ದರು. ಅವನಿಗೆ 18 ತುಂಬಿದ ತಿಂಗಳು ಕೊನೆಯ ಸಲ ಬಂದು, ಅಮ್ಮ ಕೊಟ್ಟ ಕಾಫಿ ಕುಡಿದು, ಅತ್ತು ಹೋದರು. ಮರುದಿನದಿಂದ ಅವನ ದಿನಚರಿಯಲ್ಲಿ ಮನೆಯವರಲ್ಲದ ಒಬ್ಬ ಮನುಷ್ಯನೂ ಉಳಿಯಲಿಲ್ಲ.

ಜಿಲ್ಲೆಯಲ್ಲಿ ವಿಶೇಷ ಶಾಲೆಗಳಿಲ್ಲ ಅಂತಲ್ಲ. ಸುಂಟಿಕೊಪ್ಪದಲ್ಲಿ ಸ್ವಸ್ಥ ಇದೆ, ದಕ್ಷಿಣ ಕೊಡಗಿನಲ್ಲಿ ಚೆಷೈರ್ ಹೋಂನವರ ಆಪರ್ಚುನಿಟಿ ಶಾಲೆ ಇದೆ. ಆದರೆ ನಮ್ಮ ಮನೆ ಇರುವ ಜಾಗದಿಂದ ಅವನನ್ನು ಎತ್ತಿ, ಜೀಪಿಗೆ ಹಾಕಿ, ದಿನಾ ಆ ತಿರುವುಗಳಲ್ಲಿ ಕರೆದುಕೊಂಡು ಹೋಗುವ ಶಕ್ತಿ ನಮಗಿರಲಿಲ್ಲ. ಎರಡನೇ ತಿರುವಿಗೇ ವಾಂತಿ ಮಾಡುತ್ತಿದ್ದ.

ಇನ್ನು ನಾವು ಅವನನ್ನು "ಹೊರಗೆ ಕರೆದುಕೊಂಡು ಹೋಗುವುದು" ಅಂದರೆ ಏನಾಗಿತ್ತು ಅಂತ ನಾಚಿಕೆ ಬಿಟ್ಟು ಹೇಳುತ್ತೇನೆ. ವರ್ಷಕ್ಕೆ ಎರಡು ಸಲ. ಹೊಸ ಅಂಗಿ ಹಾಕಿ, ತಲೆ ಬಾಚಿ, ಚಪ್ಪರದ ಮೂಲೆಯಲ್ಲಿ ಕುರ್ಚಿ ಇಟ್ಟು ಕೂರಿಸುವುದು. ಜನ ಬಂದು ಪಾಪ ಅನ್ನುವುದು. ಯಾರೋ ಕೈಗೆ ಐವತ್ತು ರೂಪಾಯಿ ತುರುಕುವುದು. ಅದು ಜಾರಿ ಕೆಳಗೆ ಬೀಳುವುದು. ಒಂದು ಸಲ ಡಿಸೆಂಬರ್ 3ರ ವಿಶ್ವ ವಿಕಲಚೇತನರ ದಿನದ ಕಾರ್ಯಕ್ರಮ ಅಂತ ಒಂದು ಕಡೆ ಕರೆದರು. ವೇದಿಕೆಗೆ ಮೆಟ್ಟಿಲು ಮಾತ್ರ. ನಾಲ್ಕು ಜನ ಅವನನ್ನು ಕುರ್ಚಿ ಸಮೇತ ಹೊತ್ತು ಹತ್ತಿಸಿ, ಶಾಲು ಹೊದಿಸಿ, ಫೋಟೋ ತೆಗೆದು ಇಳಿಸಿದರು. ಫ್ಲ್ಯಾಶಿಗೆ ಅವನು ಬೆಚ್ಚಿಬಿದ್ದಿದ್ದ, ಫೋಟೋದಲ್ಲಿ ನಗುತ್ತಿರುವ ಹಾಗೆ ಕಾಣುತ್ತದೆ. ಯಾರು ಕರೆದಿದ್ದರು ಅಂತ ಬರೆಯುವುದಿಲ್ಲ. ಅವರು ಕೆಟ್ಟವರೇನಲ್ಲ.

ಅವನು ಮೊದಲ ಸಲ ಊರ ನಡುವೆ ಬದುಕಿದ್ದು ಎಲ್ಲಿ ಅಂತ ಯೋಚಿಸಿದರೆ ನನಗೆ ನೆನಪಾಗುವುದು 2018ರ ಆಗಸ್ಟ್.

ಆ ವರ್ಷ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆಯೆಲ್ಲ ಮಳೆಗೆ ಗುಡ್ಡ ಕುಸಿದು ಏನಾಯಿತು ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ನಮ್ಮ ಮನೆಯ ಹಿಂದಿನ ಬರೆ, ಅಂದರೆ ಮಣ್ಣಿನ ದಿಬ್ಬ, ರಾತ್ರಿ ಎರಡು ಗಂಟೆಗೆ ಸದ್ದು ಮಾಡಿತು. ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ, ಪುಟ್ಟನನ್ನು ಬೆಡ್‌ಶೀಟಿನಿಂದ ಅದಕ್ಕೆ ಬಿಗಿದು, ಪಕ್ಕದ ತೋಟದ ಮಾವ, ಅವರ ಇಬ್ಬರು ಆಳುಗಳು, ಅಪ್ಪ ಹೊತ್ತರು. ಮನೆ ಉಳಿಯಿತು. ತೋಟದ ಒಂದು ಮಗ್ಗುಲು ಹೊಳೆಗೆ ಹೋಯಿತು. ಪರಿಹಾರ ಕೇಂದ್ರದ ಹಾಲ್‌ನಲ್ಲಿ 19 ದಿನ ಇದ್ದೆವು.

ಆ ಹಾಲ್‌ನಲ್ಲಿ ಮೂಲೆ ಅನ್ನುವುದೇ ಇರಲಿಲ್ಲ. ಚಾಪೆಗೆ ಚಾಪೆ ತಾಗಿಸಿ ಎಲ್ಲರೂ ಮಲಗಿದ್ದೆವು. ಮೊದಲ ಎರಡು ದಿನ ಅಮ್ಮ ಅವನ ಮುಖಕ್ಕೆ ಸೆರಗು ಅಡ್ಡ ಹಿಡಿದೇ ಕೂತಿದ್ದರು. ಮೂರನೇ ದಿನ ಅವರಿಗೇ ಜ್ವರ ಬಂತು. ಆಮೇಲೆ ಪುಟ್ಟ ಎಲ್ಲರ ಪಾಲಾದ. ಯಾರೋ ಅನ್ನ ಕಲಸುತ್ತಿದ್ದರು, ಯಾರೋ ಬಾಯಿ ಒರೆಸುತ್ತಿದ್ದರು. ಅವನು ಕೂಗಿದರೆ "ಬಾಗಿಲ ಕಡೆ ತಿರುಗಿಸಿ, ಅವನಿಗೆ ಮಳೆ ಕಾಣಬೇಕು" ಅಂತ ನಮಗೇ ಹೇಳಿಕೊಡುವವರು ಹುಟ್ಟಿಕೊಂಡರು. ಡಯಾಪರ್ ಬದಲಿಸುವಾಗ ಹೆಂಗಸರು ಎದ್ದು ಸೀರೆ ಅಡ್ಡ ಹಿಡಿಯುತ್ತಿದ್ದರು, ಯಾರೂ ಕರೆಯಬೇಕಾಗಿರಲಿಲ್ಲ.

ಹಟ್ಟಿಹೊಳೆ ಕಡೆಯ ಒಬ್ಬರು ಅಜ್ಜಿ ಇದ್ದರು. ಮನೆ ಪೂರ್ತಿ ಹೋಗಿತ್ತು. ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಪುಟ್ಟನ ಪಕ್ಕ ಬಂದು ಕೂತರು. ಅವನು "ಊ" ಅಂದರೆ ಇವರೂ "ಊ" ಅನ್ನುತ್ತಿದ್ದರು. ಅವನು ಸುಮ್ಮನಾದರೆ ಇವರೂ ಸುಮ್ಮನೆ. ಮತ್ತೆ ಅವನು "ಊಊ" ಅಂತ ಎಳೆದರೆ ಇವರೂ ಎಳೆಯುವುದು. ಅರ್ಧ ಗಂಟೆ ಹೀಗೇ. ಪುಟ್ಟ ಕಣ್ಣು ಕೀಳದೆ ಅವರನ್ನೇ ನೋಡುತ್ತಿದ್ದ. 17 ವರ್ಷದಲ್ಲಿ ನಾವ್ಯಾರೂ ಅವನ ಭಾಷೆಯಲ್ಲಿ ಅವನ ಜೊತೆ ಮಾತಾಡಿರಲಿಲ್ಲ. ನಮ್ಮ ಭಾಷೆಯಲ್ಲೇ ಅವನಿಗೆ ಹೇಳುತ್ತಾ ಬಂದಿದ್ದೆವು.

ಇದಕ್ಕೆ ಒಂದು ಹೆಸರೇ ಇದೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಇಂಗ್ಲೆಂಡಿನಲ್ಲಿ 1980ರ ದಶಕದಲ್ಲಿ ಡೇವ್ ಹೆವೆಟ್, ಮೆಲನಿ ನಿಂಡ್ ಅನ್ನುವ ಶಿಕ್ಷಕರು ಇದನ್ನೇ ಪದ್ಧತಿಯಾಗಿ ಬೆಳೆಸಿದರು. ಇಂಟೆನ್ಸಿವ್ ಇಂಟರ್ಯಾಕ್ಷನ್ ಅನ್ನುತ್ತಾರೆ. ಅವನು ಏನು ಮಾಡುತ್ತಾನೋ ಅದರಿಂದಲೇ ಮಾತು ಶುರು ಮಾಡುವುದು, ನಿಲ್ಲಿಸುವುದು ಅವನಿಗೇ ಬಿಡುವುದು. ಅಜ್ಜಿಗೆ ಯಾರು ಹೇಳಿಕೊಟ್ಟಿದ್ದರು?

ಆ ದಿನಗಳನ್ನು ಹೊಗಳುವುದೂ ತಪ್ಪು. ಕೊನೆಯ ವಾರ ಅವನಿಗೆ ಎದೆ ಕಟ್ಟಿ ಆಸ್ಪತ್ರೆ ಸೇರಿಸಬೇಕಾಯಿತು. ಮನೆಗೆ ಬಂದ ಮೇಲೆ ಬಾಗಿಲು ಮೊದಲಿನ ಹಾಗೇ ಮುಚ್ಚಿಕೊಂಡಿತು. ನಾವೂ ಮಣ್ಣು ತೆಗೆಯುವುದರಲ್ಲಿ, ಬೇಲಿ ಕಟ್ಟುವುದರಲ್ಲಿ ಮುಳುಗಿದೆವು. ಆಮೇಲೆ ಕೊರೊನಾ.

ಹಾಲಿನ ಕೆಲಸ ಶುರುವಾಗಿದ್ದು 2021ರ ಕೊನೆಯಲ್ಲಿ. ಯೋಜನೆ ಮಾಡಿ ಶುರು ಮಾಡಿದ್ದಲ್ಲ. ಅಪ್ಪನ ಬಲಗೈಗೆ ಪೆಟ್ಟಾಗಿತ್ತು. ಒಂದು ಕೈಯಲ್ಲಿ ಕ್ಯಾನ್ ಹಿಡಿದು ಇಳಿಜಾರಿನಲ್ಲಿ ನಡೆಯಲು ಆಗದು. ವೀಲ್‌ಚೇರಿನಲ್ಲಿ ಪುಟ್ಟ ಅಂಗಳದಲ್ಲಿ ಕೂತಿದ್ದ, ಚೇರಿನ ಮುಂದೆ ಊಟದ ತಟ್ಟೆ ಇಡುವ ಹಲಗೆ ಇತ್ತು. ನಾನು ಕ್ಯಾನನ್ನು ಅದರ ಮೇಲಿಟ್ಟು, ಹಗ್ಗ ಕಟ್ಟಿ, ಅವನ ಎರಡೂ ಕೈಯನ್ನು ಕ್ಯಾನಿನ ಸುತ್ತ ಇಟ್ಟೆ. ಆಗ ತಾನೇ ಕರೆದ ಹಾಲು, ಬೆಚ್ಚಗೆ. ಪುಟ್ಟ ಕಣ್ಣು ಮೇಲೆ ಮಾಡಿದ. ಸರಿ, ಹೊರಟೆವು.

ಡೈರಿಯ ಕಾರ್ಯದರ್ಶಿ ನಮ್ಮ ಜೊತೆ ಪರಿಹಾರ ಕೇಂದ್ರದಲ್ಲಿ ಇದ್ದವರೇ. ಅವನನ್ನು ಕಂಡು ಪಾಪ ಅನ್ನಲಿಲ್ಲ. "ಓ, ಇವತ್ತು ಹಾಲು ತಂದವನು ನೀನಾ" ಅಂತ ಅವನಿಗೇ ಹೇಳಿದರು. ಫ್ಯಾಟ್ ನೋಡುವ ಯಂತ್ರ ಬೀಪ್ ಅಂತ ಸದ್ದು ಮಾಡುತ್ತದೆ. ಪುಟ್ಟನ ಕತ್ತು ಆ ಕಡೆ ತಿರುಗಿತು. ಅವನ ಕತ್ತು ತಾನಾಗಿ ಹಾಗೆ ತಿರುಗುವುದನ್ನು ನಾನು ಕಡಿಮೆ ನೋಡಿದ್ದೇನೆ. ಮರುದಿನ ಮತ್ತೆ ಹೋದೆವು. ಅಪ್ಪನ ಕೈ ಸರಿಯಾದ ಮೇಲೂ ನಿಲ್ಲಿಸಲಿಲ್ಲ. ಈಗ ವಾರದಲ್ಲಿ ಐದಾರು ಸಂಜೆ ಅವನೇ ಹಾಲು ತರುವವನು. ದೂಡುವುದು ಅಪ್ಪ, ಇಲ್ಲವೇ ತೋಟದ ಕಾರ್ಮಿಕರ ಲೈನ್‌ಮನೆಯ ಪಿಯುಸಿ ಓದುವ ಹುಡುಗ, ರಜೆಯಲ್ಲಿ ನಾನು.

ನಾಲ್ಕೂವರೆ ಲೀಟರ್ ಹಾಲು. ಅಪ್ಪನೊಬ್ಬನೇ ಹೋದರೆ ಹತ್ತು ನಿಮಿಷದ ದಾರಿ. ಇವನ ಜೊತೆ ಮುಕ್ಕಾಲು ಗಂಟೆ ಬೇಕು. ಕೆಲಸದ ದೃಷ್ಟಿಯಿಂದ ಇದಕ್ಕೆ ಅರ್ಥವೇ ಇಲ್ಲ ಅಂತ ನನ್ನ ಗಂಡ ಒಮ್ಮೆ ಅಂದರು. ನಿಜ. ಆದರೆ ಡೈರಿಗೆ ಬರುವ ಅರ್ಧ ಜನ ಕೆಲಸದ ದೃಷ್ಟಿಯಿಂದ ಬರುವುದಿಲ್ಲ. ಹಾಲು ಹಾಕಿ ಕಟ್ಟೆಯ ಮೇಲೆ ಕೂತು ಕರಿಮೆಣಸಿನ ರೇಟು, ಆನೆ ಬಂದ ಸುದ್ದಿ, ಯಾರ ಮಗಳಿಗೆ ಎಲ್ಲಿ ಗಂಡು ನೋಡಿದರು ಅಂತ ಮಾತಾಡಿ ಹೋಗುತ್ತಾರೆ. ಆ ಕಟ್ಟೆಯೇ ನಮ್ಮ ಊರು. ಪುಟ್ಟ ಅಲ್ಲಿ ಕೂತಿರುತ್ತಾನೆ. ಅವನಿಗೆ ಏನು ಅರ್ಥವಾಗುತ್ತೋ ಗೊತ್ತಿಲ್ಲ. ಮೆಣಸಿನ ರೇಟು ನನಗೂ ಅರ್ಥವಾಗುವುದಿಲ್ಲ.

ಬರೆಯುವಾಗ ಇದೆಲ್ಲ ಸಲೀಸು ಅನ್ನಿಸುತ್ತದೆ. ದಾರಿಯದೇ ದೊಡ್ಡ ಕತೆ. ಮೊದಲು ಒಂದು ಶಿಬಿರದಲ್ಲಿ ಸಿಕ್ಕಿದ ವೀಲ್‌ಚೇರ್ ಆಸ್ಪತ್ರೆಯಲ್ಲಿ ಇರುವಂಥದ್ದು. ಸೀಟು ಜೋತುಬೀಳುತ್ತಿತ್ತು, ಬೆನ್ನು ಒಂದು ಕಡೆ ವಾಲುತ್ತಿತ್ತು. ಕಾಲು ಸರಿಯಾಗಿ ನಡೆಯದವರಿಗೆ ಅದು ಸಾಕು, ಕತ್ತೇ ನಿಲ್ಲದವನಿಗೆ ಆಗದು. ತಲೆಗೆ, ಪಕ್ಕೆಗೆ ಆಸರೆ ಇರುವ, ಹಿಂದಕ್ಕೆ ಓರೆ ಮಾಡಬಲ್ಲ ಕುರ್ಚಿ ಬರುವ ಹೊತ್ತಿಗೆ ಅವನಿಗೆ 19. ಅದರ ಮುಂದಿನ ಚಕ್ರಗಳು ಚಿಕ್ಕವು, ನಯವಾದ ನೆಲಕ್ಕೆ ಮಾಡಿದಂಥವು. ಕೊಡಗಿನ ಜೂನ್ ತಿಂಗಳ ಮಣ್ಣಿಗೆ ಇಳಿದರೆ ಬೆಣ್ಣೆಗೆ ಚಾಕು ಇಳಿದ ಹಾಗೆ. ಇಳಿಜಾರಿನಲ್ಲಿ ಕುರ್ಚಿ ತಿರುಗಿಸಿ, ನಾವು ಕೆಳಗಡೆ ನಿಂತು, ಹಿಂದಕ್ಕೆ ಹಿಂದಕ್ಕೆ ಇಳಿಸಬೇಕು.

ಪಂಚಾಯಿತಿಯ ಹಣದಲ್ಲಿ ಶೇ 5ರಷ್ಟು ವಿಕಲಚೇತನರಿಗೆ ಅಂತ ಮೀಸಲಿಡಬೇಕು ಎನ್ನುವುದನ್ನು ನಮಗೆ ಹೇಳಿದ್ದು ನಮ್ಮ ವಿಆರ್‌ಡಬ್ಲ್ಯೂ ಅಕ್ಕ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ ಅಂತ ಪೂರ್ತಿ ಹೆಸರು, ಯಾರೂ ಹಾಗೆ ಕರೆಯುವುದಿಲ್ಲ. ಅವರಿಗೂ ಒಂದು ಕಾಲು ಸ್ವಾಧೀನವಿಲ್ಲ. ಸ್ಕೂಟಿಯಲ್ಲಿ ತೋಟ ತೋಟ ಸುತ್ತುತ್ತಾರೆ. ವಿಶೇಷ ಗ್ರಾಮಸಭೆಯಲ್ಲಿ ನಮಗೆ ಹೊಲಿಗೆ ಯಂತ್ರ ಬೇಕಾ ಅಂತ ಕೇಳಿದರು. ಬೇಡ, ಮನೆಯಿಂದ ರಸ್ತೆಯವರೆಗೆ ನೂರು ಮೀಟರ್ ಕಾಂಕ್ರೀಟ್ ಹಾಕಿಸಿ ಅಂದೆ. "ಒಬ್ಬನಿಗೋಸ್ಕರ ರಸ್ತೆನಾ?" ಅಂತ ಒಬ್ಬರು ಕೇಳಿದರು. ನನಗೆ ಗಂಟಲು ಕಟ್ಟಿತು. ಹಿಂದೆ ಕೂತಿದ್ದ ಲೈನ್‌ಮನೆಯ ಇಬ್ಬರು ಮುದುಕಿಯರು, "ನಾವೂ ಅದೇ ದಾರೀಲಿ ಜಾರಿ ಬೀಳೋದು" ಅಂದರು. ಎರಡು ವರ್ಷದ ಮೇಲೆ 60 ಮೀಟರ್ ಆಯಿತು. 40 ಮೀಟರ್ ಇನ್ನೂ ಮಣ್ಣು.

ದಾರಿಯಾದ ಮೇಲೆ ಡಯಾಪರ್. ಇದನ್ನು ಯಾರೂ ಬರೆಯುವುದಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. 24 ವರ್ಷದ, 38 ಕೆಜಿ ತೂಕದ ಗಂಡಸಿನ ಬಟ್ಟೆ ಬದಲಿಸಬೇಕಾದರೆ ಅವನನ್ನು ಮಲಗಿಸಬೇಕು. ಕೊಡಗಿನಲ್ಲಿ ಪ್ರವಾಸಿಗರು ತುಂಬಿ ತುಳುಕುವ ಒಂದು ಜಾಗದಲ್ಲಿ ವೀಲ್‌ಚೇರ್ ಗುರುತು ಹಾಕಿದ ಶೌಚಾಲಯ ಇತ್ತು. ಒಳಗೆ ಕೈಹಿಡಿಯೂ ಇತ್ತು. ಮಲಗಿಸಲು? ಒದ್ದೆ ನೆಲ. ನಾವು ಮಾರುತಿ ಓಮ್ನಿಯ ಹಿಂದಿನ ಸೀಟು ಕಿತ್ತು, ಹಾಸಿಗೆ ಹಾಕಿ, ಕಿಟಕಿಗೆ ಅಮ್ಮನ ಹಳೇ ಸೀರೆ ಕಟ್ಟಿದ್ದೇವೆ. ಬ್ರಿಟನ್ನಿನಲ್ಲಿ 2006ರಿಂದ ಚೇಂಜಿಂಗ್ ಪ್ಲೇಸಸ್ ಅನ್ನುವ ಚಳವಳಿ ಇದೆ. ದೊಡ್ಡವರನ್ನು ಮಲಗಿಸುವ ಬೆಂಚು, ಎತ್ತಲು ಯಂತ್ರ ಇರುವ ಸಾರ್ವಜನಿಕ ಶೌಚಾಲಯಗಳು ಬೇಕು ಅಂತ. ಅದನ್ನು ಓದಿದ ದಿನ ನಾನು ಅಮ್ಮನಿಗೆ ಹೇಳಿದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಅಲ್ಲಿಯವರಿಗೆ ಯಾರು ಹೇಳಿದ್ರು ನಮ್ಮ ಕಷ್ಟ?" ಅಂದರು.

ಅಮ್ಮನ ಮಾತು ಬಂದಿದ್ದಕ್ಕೆ ಇನ್ನೊಂದೂ ಹೇಳಬೇಕು. ಅವನನ್ನು ಎಲ್ಲ ಕಡೆ ಸೇರಿಸಬೇಕು ಅಂತ ನಾನು ಭಾಷಣ ಮಾಡುವಾಗ ಅಮ್ಮ ಒಮ್ಮೆ, "ನಿಂಗೆ ಅದು ಸಮಾಜ. ನಂಗೆ ಬಟ್ಟೆ ಒಗೆಯೋ ಕೆಲಸ" ಅಂದಿದ್ದರು. ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಹಾಲಿನ ಡೈರಿಯ ವಿಷಯದಲ್ಲಿ ಅವರಿಗೆ ಇಷ್ಟವಾದದ್ದು ಏನು ಅಂತ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಆ ಮುಕ್ಕಾಲು ಗಂಟೆ ಅವರಿಗೆ ಮನೆ ಖಾಲಿ ಸಿಗುತ್ತದೆ. ರೇಡಿಯೊ ಹಾಕಿಕೊಂಡು ಜಗಲಿಯಲ್ಲಿ ಕಾಲು ಚಾಚಿ ಕೂರುತ್ತಾರೆ. ಅಷ್ಟೇ.

ಎಲ್ಲ ಕಡೆಯೂ ಕರೆದುಕೊಂಡು ಹೋಗಬೇಕು ಅನ್ನುವ ಹುಚ್ಚು ನನಗೂ ಒಂದೆರಡು ವರ್ಷ ಇತ್ತು. ಮಡಿಕೇರಿ ದಸರಾದ ದಶಮಂಟಪ ತೋರಿಸಬೇಕು ಅಂತ ಹೊರಟಿದ್ದೆ. ಡಾಕ್ಟರ್ ತಡೆದರು. ಮಿನುಗುವ ಬೆಳಕು, ನಿದ್ದೆಗೆಟ್ಟ ರಾತ್ರಿ ಎರಡೂ ಫಿಟ್ಸ್ ಬರಿಸಬಹುದು. ಬಿಟ್ಟೆ. 2024ರ ಏಪ್ರಿಲ್‌ನಲ್ಲಿ ನಾಪೋಕ್ಲುವಿನಲ್ಲಿ ಕೊಡವ ಕುಟುಂಬಗಳು ಒಂದೊಂದು ತಂಡವಾಗಿ ಆಡುವ ಕೌಟುಂಬಿಕ ಹಾಕಿಗೆ ಹೋದೆವು. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದದ್ದು ಆ ವರ್ಷ 360 ತಂಡಕ್ಕೆ ಬೆಳೆದಿತ್ತು. ಪಕ್ಕದ ತೋಟದ ಮಾವನ ಕುಟುಂಬದ ಪಂದ್ಯ. ಅವರ ತಂಡದಲ್ಲಿ ಐವತ್ತು ದಾಟಿದವರೂ ಇದ್ದರು, ಏಳನೇ ಕ್ಲಾಸಿನ ಹುಡುಗಿಯೂ ಇದ್ದಳು. ಪುಟ್ಟನಿಗೆ ಚೆಂಡು ಕಾಣುತ್ತಿತ್ತಾ, ಅನುಮಾನ. ಮೈಕಿನ ಕಾಮೆಂಟರಿಗೆ ಐದು ನಿಮಿಷ ಕಣ್ಣರಳಿಸಿದ. ಹತ್ತನೇ ನಿಮಿಷಕ್ಕೆ ಮುಖ ಎಡ ಭುಜಕ್ಕೆ ತಿರುಗಿತು. ನಾಪೋಕ್ಲುವರೆಗೆ ಬಂದಿದ್ದೇವೆ, ಇನ್ನು ಸ್ವಲ್ಪ ಹೊತ್ತು ಅಂತ ನಾನು. ಬೇಡ ಅಂತ ಅವನು. ಎದ್ದು ಬಂದೆವು. ನಾವು ಯಾರೂ ಪಂದ್ಯ ಪೂರ್ತಿ ನೋಡಲಿಲ್ಲ. ಅವನ ಬೇಡವನ್ನು ಕೇಳದೆ ಅಲ್ಲೇ ಕೂರಿಸಿದ್ದರೆ ಆ ಚಪ್ಪರದ ಮೂಲೆಯ ಕುರ್ಚಿಗೂ ಇದಕ್ಕೂ ಏನು ವ್ಯತ್ಯಾಸ?

ಅದೇ ತಿಂಗಳು 26ಕ್ಕೆ ಲೋಕಸಭೆ ಚುನಾವಣೆ. ಅವನ ಹೆಸರು ಮತದಾರರ ಪಟ್ಟಿಯಲ್ಲಿದೆ. ಬುದ್ಧಿ ಸ್ವಾಧೀನವಿಲ್ಲ ಅಂತ ನ್ಯಾಯಾಲಯ ಹೇಳಿದ ಹೊರತು ಹೆಸರು ಬಿಡುವ ಹಾಗಿಲ್ಲ. ಜೊತೆಗೆ ಬಂದವರು ಬಟನ್ ಒತ್ತಬಹುದು ಅಂತ ಯಾರೋ ಅಂದರು. ಅಪ್ಪ ಒಪ್ಪಲಿಲ್ಲ. "ಅದು ನನ್ನ ಎರಡನೇ ಓಟು ಆಗ್ತದೆ, ಅವನದ್ದಲ್ಲ" ಅಂದರು. ಮತಗಟ್ಟೆಯ ಮರದ ಕೆಳಗೆ ಅವನು ನಮಗಾಗಿ ಕಾಯುತ್ತಾ ಕೂತಿದ್ದ. ಅಪ್ಪ ಮಾಡಿದ್ದು ಸರಿಯಾ ತಪ್ಪಾ ಅಂತ ನನ್ನಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಹುತ್ತರಿಯದ್ದು ಹೇಳದೆ ಮುಗಿಸಲಾರೆ.

ಹುತ್ತರಿ ಅಂದರೆ ಕೊಡಗಿನ ಹೊಸ ಭತ್ತದ ಹಬ್ಬ. ಆ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುವ ಹೊತ್ತಿಗೆ ಕೋವಿಯಿಂದ ಗುಂಡು ಹಾರಿಸಬೇಕು. ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿಯಾದ ಮುಹೂರ್ತ. ಅದಿಲ್ಲದೆ ಹಬ್ಬ ಹಬ್ಬವಲ್ಲ. ಪುಟ್ಟನಿಗೆ ಸದ್ದು ಅಂದರೆ ಮೈ ಪೂರ್ತಿ ಬೆಚ್ಚಿಬೀಳುತ್ತದೆ, ಎರಡು ಸಲ ಅದರ ಹಿಂದೆಯೇ ಫಿಟ್ಸ್ ಬಂದಿತ್ತು. ಹಾಗಾಗಿ 20 ವರ್ಷ ಹುತ್ತರಿ ದಿನ ಅವನು ಒಳಗಿನ ಕೋಣೆಯಲ್ಲಿ. ಬಾಗಿಲು ಹಾಕಿ, ಟಿವಿ ಜೋರಾಗಿಟ್ಟು, ಅಮ್ಮ ಅವನ ಕಿವಿ ಮುಚ್ಚಿ ಕೂರುತ್ತಿದ್ದರು. ಅಂದರೆ ಅಮ್ಮನೂ 20 ವರ್ಷ ಕದಿರು ನೋಡಲಿಲ್ಲ.

2022ರಲ್ಲಿ ಪಕ್ಕದ ತೋಟದ ಮಾವ ಹಬ್ಬದ ಹಿಂದಿನ ದಿನ ಬಂದರು. ಡೈರಿಯ ಕಟ್ಟೆಯಲ್ಲಿ ವರ್ಷ ಪೂರ್ತಿ ಪುಟ್ಟನ ಜೊತೆ ಕೂತವರು ಅವರು. "ಈ ಸಲ ಅವನೂ ಗದ್ದೆಗೆ ಬರಲಿ" ಅಂದರು. ಗುಂಡು? "ಗುಂಡು ಗದ್ದೆಯಲ್ಲೇ ಹೊಡೀಬೇಕು ಅಂತ ಎಲ್ಲಿದೆ? ನಾನು ಹೊಳೆಯಾಚೆ ಹೋಗಿ ಹೊಡೀತೇನೆ. ಸದ್ದು ದೇವರಿಗೆ ಕೇಳಿದ್ರೆ ಸಾಕು." ಹೇಳಿದ ಹಾಗೇ ಮಾಡಿದರು. ಚಳಿಯಲ್ಲಿ, ಆ ವಯಸ್ಸಿನಲ್ಲಿ, ಟಾರ್ಚ್ ಹಿಡಿದು ಸಂಕ ದಾಟಿ ಹೋದರು. ನಾವು ಪುಟ್ಟನಿಗೆ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ, ಅವನ ಎದೆಗೆ ನನ್ನ ಕೈ ಒತ್ತಿ, "ಈಗ ಸದ್ದು ಬರ್ತದೆ, ಈಗ ಬರ್ತದೆ" ಅಂತ ಹೇಳುತ್ತಾ ನಿಂತೆವು. ಬಂತು. ದೂರದಿಂದ, ಮಂಜಿನೊಳಗಿಂದ, ದಪ್ಪ ಬಟ್ಟೆಯಲ್ಲಿ ಸುತ್ತಿದ ಹಾಗೆ. ಅವನ ಮೈ ಒಮ್ಮೆ ಅದುರಿ ಸಡಿಲವಾಯಿತು. ಎಲ್ಲರೂ ಬೆಳೆ ಹೆಚ್ಚಲಿ ಅಂತ "ಪೊಲಿ ಪೊಲಿ" ಕೂಗಿದರು. ಒದ್ದೆ ಕದಿರನ್ನು ಅಪ್ಪ ಅವನ ಮಡಿಲಲ್ಲಿಟ್ಟರು, ಮನೆಗೆ ಅವನೇ ತಂದ. ಬಾಳೆಹಣ್ಣು ಹಿಸುಕಿ ಮಾಡುವ ತಂಬಿಟ್ಟನ್ನು ಅಮ್ಮ ಹಾಲು ಹಾಕಿ ತೆಳ್ಳಗೆ ಕಲಸಿ ತಿನ್ನಿಸಿದರು. ಬಾಳೆಹಣ್ಣಿನ ಹಬ್ಬ ಅವನ ಬಾಯಿಗೆ ಹೇಳಿ ಮಾಡಿಸಿದ್ದು ಅಂತ ಆವತ್ತೇ ನಮಗೆ ಹೊಳೆದಿದ್ದು.

ಹಬ್ಬ ಅಂದರೆ ಹೀಗೇ ಇರಬೇಕು ಅಂತ ನಾವು ಅಂದುಕೊಂಡಿದ್ದನ್ನು ಮಾವ 300 ಮೀಟರ್ ಆಚೆ ಸರಿಸಿದರು, ಅಷ್ಟೇ. ನಮಗೆ 20 ವರ್ಷ ಅದು ತೋಚಿರಲಿಲ್ಲ. ನಾವು ಅವನನ್ನು ಸರಿಸುವುದನ್ನೇ ಯೋಚಿಸಿದ್ದೆವು.

ಆದರೂ ಅನುಮಾನ ಪೂರ್ತಿ ಹೋಗುವುದಿಲ್ಲ. ಇದೆಲ್ಲ ಅವನಿಗಾಗಿಯಾ, ನನ್ನ ಸಮಾಧಾನಕ್ಕಾಗಿಯಾ? ನಾಳೆ ಅಪ್ಪ ಅಮ್ಮ ಇಲ್ಲದ ದಿನ ಬರುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಸಮಿತಿಗೆ ಅರ್ಜಿ ಹಾಕಿ ನಾನು ಅವನ ಪೋಷಕಳಾಗಬಹುದು. ಕಾಗದಪತ್ರ ಕೂಡಿಸುತ್ತಿದ್ದೇನೆ. ಆದರೆ ಕಾಗದದಲ್ಲಿ ಒಬ್ಬಳೇ ಪೋಷಕಿ. ಅವನ ಬೇಡ ಯಾವುದು, ಬೇಕು ಯಾವುದು ಅಂತ ಗೊತ್ತಿರುವವರು ಈಗ ಡೈರಿಯಲ್ಲಿ ಏಳೆಂಟು ಜನ ಇದ್ದಾರೆ. ಯಾವ ಅರ್ಜಿಯಲ್ಲೂ ಅವರ ಹೆಸರು ಬರೆಯುವ ಜಾಗವಿಲ್ಲ.

ಐದನೇ ದಿನ ಮಳೆ ಸ್ವಲ್ಪ ಬಿಟ್ಟಿತು. ಮರ ಕಡಿದು ದಾರಿ ಮಾಡಿದ್ದರು. ಪುಟ್ಟನಿಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿ, ಕ್ಯಾನ್ ಕಟ್ಟಿ ಹೊರಟೆವು. ಕಾರ್ಯದರ್ಶಿ ಅವನನ್ನು ಕಂಡು, "ಏನಪ್ಪಾ, ಹೇಳದೆ ಕೇಳದೆ ರಜೆನಾ?" ಅಂತ ಗದರಿದರು. ಯಂತ್ರ ಬೀಪ್ ಅಂದಿತು. ಅವನು ತಿರುಗಿ ನೋಡಲಿಲ್ಲ. ಶೀಟಿನ ಮೇಲೆ ಬೀಳುವ ಹನಿಯನ್ನೇ ಕೇಳುತ್ತಿದ್ದ.

ವಾಪಸ್ ಬರುವಾಗ ಕಾಂಕ್ರೀಟ್ ಮುಗಿದಲ್ಲಿ ಮುಂದಿನ ಎರಡೂ ಚಕ್ರ ಹೂತುಕೊಂಡವು. ನಾನು ಎಳೆದೆ, ಆಗಲಿಲ್ಲ. ಪಿಯುಸಿ ಹುಡುಗ ಲೈನ್‌ಮನೆಯಿಂದ ಓಡಿ ಬಂದ, ಅವನ ಹಿಂದೆ ಅವನ ಅಮ್ಮ ಗೋಣಿಚೀಲ ಹಿಡಿದುಕೊಂಡು ಬಂದಳು. ಚೀಲ ಚಕ್ರದ ಕೆಳಗೆ ಹಾಸಿದೆವು. "ಪಂಚಾಯಿತಿಯವರನ್ನ ಒಂದು ದಿನ ಈ ಕುರ್ಚೀಲಿ ಕೂರಿಸಿ ತಳ್ಳಬೇಕು" ಅಂತ ಅವಳು ಬೈಯುತ್ತಲೇ ಇದ್ದಳು. ಖಾಲಿ ಕ್ಯಾನ್ ಹಲಗೆಗೆ ಬಡಿದು ಟಣ್ ಅಂದಿತು. ಪುಟ್ಟ "ಊ" ಅಂದ.

"ಊ" ಅಂದಳು ಅವಳು, ಚಕ್ರ ಎತ್ತುತ್ತಾ.